‘ಸೂಜಿ ಹಂಚಿಕೊಂಡ್ರಾ?’ ಅಂದರೆ ಯಾರು ಹೌದು ಅಂತಾರೆ?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಎರಡು ಸಲ ಓದಿದೆ. ಸಿಟ್ಟಿದೆ, ಇರಲಿ. ನಶೆಯ ಇಂಜೆಕ್ಷನ್‌ಗೆ ಸೂಜಿ ಹಂಚಿಕೊಂಡರೆ ಎಚ್‌ಐವಿಯಂಥ ರೋಗ ಹರಡುತ್ತದೆ ಅಂತ ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದು ನೋಡಿ, ನಿಮ್ಮ ಸಂಘದ ಹುಡುಗರು ಫಾರ್ಮ್ ಹಿಡಿದು ವಿರಾಜಪೇಟೆ ಸುತ್ತಮುತ್ತ ಓಡಾಡಿದರು, ಚುಚ್ಚಿಕೊಳ್ಳುವ ಚಟ ಇರುವ ಕೆಲವರನ್ನು ಹುಡುಕಿ ‘ಸೂಜಿ ಹಂಚಿಕೊಳ್ಳುತ್ತೀರಾ?’ ಅಂತ ಕೇಳಿದರು, ಒಬ್ಬರೂ ಹೌದು ಅನ್ನಲಿಲ್ಲ. ಹಾಗಾಗಿ ‘ಇಲ್ಲದ್ದನ್ನು ಬರೆದು ಕೊಡಗಿನ ಹೆಸರು ಕೆಡಿಸಬೇಡಿ’ ಅಂದಿದ್ದೀರಿ.

ಕೊಡಗಿನಲ್ಲಿ ಇಷ್ಟು ಜನ ಅಂತ ನಾವು ಯಾವ ಅಂಕಿಯನ್ನೂ ಹಾಕಿರಲಿಲ್ಲ. ಅದು ಹೋಗಲಿ, ನನ್ನ ತಕರಾರು ನಿಮ್ಮ ಹುಡುಗರ ಪ್ರಶ್ನೆಯ ಮೇಲೆ.

‘ಹಂಚಿಕೊಂಡು ತಿನ್ನು’ ಅಂತ ಹೇಳಿಸಿಕೊಂಡು ಬೆಳೆದವರು ನಾವು. ಹಂಚಿಕೊಳ್ಳುವುದು ಅಂದರೆ ಮನಸ್ಸಿನಿಂದ ಕೊಡುವುದು, ಅಲ್ವಾ? ಇಬ್ಬರು ಗೆಳೆಯರ ನಡುವೆ ಇದ್ದದ್ದು ಒಂದೇ ಸಿರಿಂಜ್, ಅವನದಾದ ಮೇಲೆ ಇವನು ಚುಚ್ಚಿಕೊಂಡ. ಇವನ ಲೆಕ್ಕದಲ್ಲಿ ಅದು ಹಂಚಿಕೊಂಡದ್ದೇ ಅಲ್ಲ, ಆ ಹೊತ್ತಿಗೆ ಬೇರೆ ಇರಲಿಲ್ಲ ಅಷ್ಟೇ. ಗಂಡ ಹೆಂಡತಿ, ಅಣ್ಣ ತಮ್ಮ ಆದರಂತೂ ಕೇಳುವುದೇ ಬೇಡ. ‘ಬೇರೆಯವರ ಸೂಜಿ’ ಅಂದರೆ ಗುರುತಿಲ್ಲದವರ ಸೂಜಿ ಅಂತಲೇ ಎಷ್ಟೋ ಜನ ತಿಳಿದುಕೊಂಡಿರುತ್ತಾರೆ.

ನಿಮಗೂ ತೋಟ ಇದೆ, ಮಳೆ ಲೆಕ್ಕ ಗೊತ್ತು. ‘ಈ ವರ್ಷ ಮಳೆ ಜಾಸ್ತಿಯಾ?’ ಅಂದರೆ ಒಬ್ಬೊಬ್ಬರದು ಒಂದೊಂದು ಮಾತು. ದಿನಾ ಬೆಳಗ್ಗೆ ಅಳೆದು ಇಂಚು, ಸೆಂಟ್ ಬರೆದಿಟ್ಟ ಡೈರಿ ತೆಗೆದರೆ ಜಗಳ ಮುಗಿಯಿತು. ಇಲ್ಲೂ ಹಾಗೇ, ಅಭ್ಯಾಸ ಕೇಳಬೇಡಿ, ನಡೆದದ್ದು ಕೇಳಿ. ಕೊನೆಯ ಸಲ ಚುಚ್ಚಿಕೊಂಡದ್ದು ಯಾವಾಗ? ಆ ಸಿರಿಂಜ್ ಎಲ್ಲಿಂದ ಬಂತು? ನಿಮಗಿಂತ ಮೊದಲು ಯಾರಾದರೂ ಬಳಸಿದ್ದರಾ? ನಿಮ್ಮದಾದ ಮೇಲೆ ಅದು ಯಾರ ಕೈಗೆ ಹೋಯಿತು? ಕೊನೆಯ ಎರಡನ್ನು ಒಂದೇ ಪ್ರಶ್ನೆ ಮಾಡಬೇಡಿ. ಬಳಸಿದ್ದನ್ನು ತೆಗೆದುಕೊಂಡವನಿಗೆ ರೋಗ ಅಂಟುತ್ತದೆ, ಕೊಟ್ಟವನಿಂದ ರೋಗ ದಾಟುತ್ತದೆ, ಎರಡೂ ಬೇರೆ ಬೇರೆ ಲೆಕ್ಕ. ಇನ್ನೂ ಹಿಂದಿನದ್ದು ಬೇಕಿದ್ದರೆ ‘ಆರು ತಿಂಗಳಲ್ಲಿ’ ಅನ್ನುವ ಬದಲು ‘ಹುತ್ತರಿ ಹಬ್ಬ ಆದಮೇಲೆ’ ಅನ್ನಿ, ನೆನಪು ಮಾಡಿಕೊಳ್ಳುವುದು ಸುಲಭ.

ಸೂಜಿಯೊಂದನ್ನೇ ಕೇಳಿದರೂ ಅರ್ಧ ಕೆಲಸ. ಪುಡಿ ಕರಗಿಸಿದ ಚಮಚ, ಸೋಸಿದ ಹತ್ತಿ, ಸಿರಿಂಜ್ ತೊಳೆದ ನೀರು, ಒಂದು ಸಿರಿಂಜ್‌ನಿಂದ ಇನ್ನೊಂದಕ್ಕೆ ತುಂಬಿಸುವುದು, ಇವೆಲ್ಲ ಬಿಟ್ಟೇ ಹೋಗುತ್ತವೆ. ಇಬ್ಬರ ಕೈಯಲ್ಲೂ ಬೇರೆ ಬೇರೆ ಸೂಜಿ ಇದ್ದರೂ ಆ ನೀರಿನಲ್ಲಿ ರಕ್ತ ಸೇರಬಹುದು. ಕಣ್ಣಿಗೆ ಕಾಣುವಷ್ಟು ರಕ್ತವೇ ಬೇಕು ಅಂತೇನಿಲ್ಲ. ಸಿರಿಂಜ್ ಒಳಗೆ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವೈರಸ್ 63 ದಿನದವರೆಗೂ, ಎಚ್‌ಐವಿ ಆರು ವಾರದವರೆಗೂ ಬದುಕಿದ್ದನ್ನು ಲ್ಯಾಬ್‌ನಲ್ಲಿ ಕಂಡಿದ್ದಾರೆ.

ಪ್ರಶ್ನೆ ಸರಿ ಮಾಡಿದರೂ, ಕೇಳುವವರ ಮುಖ ಒಂದು ಇದೆಯಲ್ಲ! ನಮ್ಮ ಪತ್ರಿಕೆಯ ಅವಮಾನದ ಕತೆ ಹೇಳಿಬಿಡುತ್ತೇನೆ. ಸಂಪಾದಕೀಯ ಓದುತ್ತೀರಾ ಅಂದರೆ ಎದುರಿಗೆ ಸಿಕ್ಕವರೆಲ್ಲ ‘ತಪ್ಪದೇ’ ಅನ್ನುತ್ತಾರೆ. ಒಂದು ಸಲ ತಪ್ಪಿ ಹಳೆಯ ಸಂಪಾದಕೀಯವೇ ಮತ್ತೆ ಅಚ್ಚಾಯಿತು, ಒಬ್ಬರೂ ಫೋನ್ ಮಾಡಲಿಲ್ಲ. ಸುಮ್ನೆ ಸಂಪಾದಕೀಯಕ್ಕೇ ಹೀಗಾದರೆ, ಪೊಲೀಸು, ಮರ್ಯಾದೆ ಎಲ್ಲ ಇರುವ ವಿಷಯಕ್ಕೆ? 1999ರಲ್ಲಿ ಅಮೆರಿಕದ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಕೆಲವರಿಗೆ ಎದುರು ಕೂತು ಪ್ರಶ್ನೆ, ಇನ್ನು ಕೆಲವರಿಗೆ ಹೆಡ್‌ಫೋನ್‌ನಲ್ಲಿ ಪ್ರಶ್ನೆ, ಉತ್ತರ ಕಂಪ್ಯೂಟರ್‌ಗೆ. ಬಳಸಿದ ಸೂಜಿಯ ವಿಷಯ ಒಪ್ಪಿಕೊಂಡವರು ಕಂಪ್ಯೂಟರ್ ಮುಂದೆಯೇ ಜಾಸ್ತಿ.

ಬಾಯಿಮಾತು ಬಿಟ್ಟು ಸೂಜಿಯನ್ನೇ ಕೇಳಿದವರೂ ಇದ್ದಾರೆ. ಅಮೆರಿಕದ ನ್ಯೂ ಹೇವನ್‌ನಲ್ಲಿ 1990ರಲ್ಲಿ ಹಳೆ ಸೂಜಿ ತಂದರೆ ಹೊಸದು ಕೊಡುವ ಯೋಜನೆ ಶುರುವಾಯಿತು. ಪ್ರತಿ ಸಿರಿಂಜ್‌ಗೂ ಗುರುತು ಹಾಕಿ, ಯಾರಿಗೆ ಕೊಟ್ಟದ್ದು ಯಾರ ಕೈಯಿಂದ ಎಷ್ಟು ದಿನದ ಮೇಲೆ ವಾಪಸ್ ಬಂತು, ಅದರಲ್ಲಿ ಎಚ್‌ಐವಿ ಇದೆಯಾ ಅಂತ ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಕಪ್ಲಾನ್, ರಾಬರ್ಟ್ ಹೈಮರ್ ಲೆಕ್ಕ ಇಟ್ಟರು. ಹೊಸ ಸೋಂಕು ಮೂರರಲ್ಲಿ ಒಂದು ಪಾಲು ಇಳಿದಿರಬಹುದು ಅಂತ ಅಂದಾಜು ಬಂತು. ನಿಮ್ಮ ಹುಡುಗರು ಮಾತ್ರ ದಯವಿಟ್ಟು ಸೂಜಿ ಹೆಕ್ಕಲು ಹೋಗುವುದು ಬೇಡ. ಹೊಸ ಸೂಜಿ ಕೊಡುವುದು ಅಪರಾಧ ಅಂತ ಬರೆದಿದ್ದೀರಲ್ಲ, ಎಚ್‌ಐವಿ ತಡೆಯುವ ಇಂಥ ಕೆಲಸಕ್ಕೆ 2017ರ ಎಚ್‌ಐವಿ ಕಾಯಿದೆಯಲ್ಲೇ ರಕ್ಷಣೆ ಇದೆ. ಯಾರಾದರೂ ಪರೀಕ್ಷೆ ಎಲ್ಲಿ ಅಂತ ಕೇಳಿದರೆ 1097ಕ್ಕೆ ಫೋನ್ ಮಾಡಲು ಹೇಳಿ, ದುಡ್ಡು ಬೀಳುವುದಿಲ್ಲ.

ಕೊನೆಗೆ, ನೀವು ಪತ್ರದ ಜೊತೆ ಕಳಿಸಿದ ಫಾರ್ಮ್. ಮೊದಲ ಕಾಲಂ ಹೆಸರು, ಎರಡನೆಯದು ಮನೆತನ. ಮೇಷ್ಟ್ರೇ, ಕೊಡಗಿನಲ್ಲಿ ಮನೆತನದ ಹೆಸರು ಹೇಳಿದರೆ ಅಜ್ಜನ ತೋಟ ಎಲ್ಲಿದೆ ಅಂತ ಗೊತ್ತಾಗುತ್ತದೆ, ಅದೂ ಕೇಳುತ್ತಿರುವವನು ಪಕ್ಕದ ಊರಿನ ಹುಡುಗ. ಆ ಎರಡೂ ಕಾಲಂ ಹೊಡೆದು, ಮೇಲಿನ ಪ್ರಶ್ನೆ ಸೇರಿಸಿ ಕಳಿಸಿ. ನಮ್ಮ ಪ್ರೆಸ್‌ನಲ್ಲೇ ಅಚ್ಚು ಹಾಕಿಸಿಕೊಡುತ್ತೇವೆ, ಪೇಪರಿನ ಖರ್ಚೂ ನಮ್ಮದೇ.

— ಸಂ.