ಓದುಗರ ಪ್ರಶ್ನೆ, ಕಸುಬುದಾರರ ಉತ್ತರ: ಕೈಯಿಂದ ಮಾಡಿದ ಒಡವೆಗೆ ಬೆಲೆ ಕಟ್ಟುವುದು ಹೇಗೆ?

ಈ ಸಂಚಿಕೆಗೆ ಬಂದ ಪತ್ರಗಳೆಲ್ಲ ಬೆಲೆಯ ಸುತ್ತಲೇ ಇವೆ. ಉತ್ತರಗಳಲ್ಲಿ ಬರುವ ದರಗಳು ಲೆಕ್ಕದ ದಾರಿ ತೋರಿಸಲು ಹಿಡಿದವು. ಆ ಜಾಗದಲ್ಲಿ ನಿಮ್ಮೂರಿನ ದರ ಹಾಕಿಕೊಳ್ಳಿ, ದಾರಿ ಬದಲಾಗುವುದಿಲ್ಲ.

ಪ್ರಶ್ನೆ: ಟೆರಾಕೋಟಾ ಸರ ಮತ್ತು ಜುಮ್ಕಿಯ ಸೆಟ್ ಮಾಡುತ್ತೇನೆ. ಸಾಮಾನಿಗೆ ಹೆಚ್ಚುಕಡಿಮೆ ನೂರು ರೂಪಾಯಿ ಆಗುತ್ತದೆ, 250ಕ್ಕೆ ಕೊಡುತ್ತೇನೆ. ಮಾಡಿದ್ದೆಲ್ಲ ಮಾರಿಹೋಗುತ್ತದೆ, ಆದರೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಸಾಮಾನಿನ ಎರಡೂವರೆ ಪಟ್ಟು ಸಾಲದೇ? (ಶಿವಮೊಗ್ಗ)

ಸಾಲದು. ಟೆರಾಕೋಟಾದಲ್ಲಿ ಮಣ್ಣು ಅಗ್ಗ, ಕೈಕೆಲಸ ದುಬಾರಿ. ಅಗ್ಗದ್ದನ್ನು ಎಷ್ಟರಿಂದ ಗುಣಿಸಿದರೂ ದುಬಾರಿಯದರ ಬೆಲೆ ಸಿಗುವುದಿಲ್ಲ. ಒಂದೊಂದೇ ಸೆಟ್ಟಿನ ಲೆಕ್ಕ ಹಾಕಲು ಹೋದರೆ ಸಮಯ ಸರಿಯಾಗಿ ಅಳೆಯಲಾಗುವುದಿಲ್ಲ. ಆದ್ದರಿಂದ ಒಂದು ಆವಿಗೆಗೆ (ಮಣ್ಣಿನ ಸಾಮಾನು ಸುಡುವ ಗೂಡಿಗೆ) ಇಡುವಷ್ಟನ್ನು, ಅಂದರೆ 20 ಸೆಟ್ಟನ್ನು, ಒಟ್ಟಿಗೆ ಹಿಡಿಯಿರಿ. ಗೋಡೆಗೆ ಒಂದು ಹಾಳೆ ಅಂಟಿಸಿ, ಪ್ರತಿ ಕೆಲಸ ಶುರು ಮಾಡಿದ ಮತ್ತು ಮುಗಿಸಿದ ಹೊತ್ತನ್ನು ಬರೆಯುತ್ತಾ ಹೋಗಿ.

ಈಗ ಲೆಕ್ಕವನ್ನು ಸುಡುವುದಕ್ಕೆ ಮುಂಚೆ, ಸುಟ್ಟ ಮೇಲೆ ಎಂದು ಎರಡು ಭಾಗ ಮಾಡಿ. ಕಾರಣ, ಒಡೆಯುವುದು ಹೆಚ್ಚಾಗಿ ಸುಡುವಾಗ. ಆ ಹೊತ್ತಿಗೆ ಬಣ್ಣ, ಕೊಕ್ಕೆ ಯಾವುದೂ ಖರ್ಚಾಗಿರುವುದಿಲ್ಲ, ನಷ್ಟವಾಗುವುದು ಮಣ್ಣು ಮತ್ತು ನಿಮ್ಮ ಗಂಟೆಗಳು ಮಾತ್ರ.

ಮೊದಲ ಭಾಗ: ಮಣ್ಣು 3 ಕಿಲೋ, 120 ರೂ. ಸುಡುವ ಖರ್ಚು 300. ಮಣ್ಣು ಜರಡಿ ಹಿಡಿದು ನಾದಲು 1 ಗಂಟೆ, ರೂಪ ಕೊಡಲು 12, ಒಣಗಿದ ಮೇಲೆ ಉಜ್ಜಿ ನಯ ಮಾಡಲು 2, ಆವಿಗೆಯ ಕೆಲಸಕ್ಕೆ ಒಂದೂವರೆ, ಒಟ್ಟು ಹದಿನಾರೂವರೆ ಗಂಟೆ. ಗಂಟೆಗೆ 80 ರೂಪಾಯಿಯಂತೆ 1,320. ಎಲ್ಲ ಸೇರಿ 1,740. ಇಪ್ಪತ್ತರಲ್ಲಿ ಮೂರು ಸೀಳಿದವು ಎನ್ನಿ. ಆಗ ಭಾಗಿಸಬೇಕಾದದ್ದು 20ರಿಂದಲ್ಲ, 17ರಿಂದ. ಸೆಟ್ಟಿಗೆ 102 ರೂ.

ಎರಡನೇ ಭಾಗ, ಒಂದೊಂದು ಸೆಟ್ಟಿಗೆ: ಬಣ್ಣ ಮತ್ತು ವಾರ್ನಿಷ್ 20, ಕೊಕ್ಕೆ, ರಿಂಗು, ದಾರ, ಮಣಿ 35, ಡಬ್ಬಿ ಮತ್ತು ಕಾರ್ಡು 25. ಬಣ್ಣ ಹಚ್ಚಲು ಅರ್ಧ ಗಂಟೆ, ಜೋಡಿಸಲು 10 ನಿಮಿಷ, ಆ ಕೂಲಿ 53. ಒಟ್ಟು 133. ಎರಡೂ ಭಾಗ ಸೇರಿ 235.

ಇಲ್ಲಿಗೆ ನಿಲ್ಲಿಸುವವರೇ ಬಹಳ. ಸಾಮಾನು ತರಲು ಓಡಾಟ, ಫೋಟೋ, ವಾಟ್ಸ್ಆ್ಯಪ್‌ನಲ್ಲಿ ‘ಬೇರೆ ಕಲರ್ ಇದೆಯಾ’ ಎಂಬುದಕ್ಕೆ ಉತ್ತರ, ಪ್ಯಾಕಿಂಗ್, ಕೊರಿಯರ್ ಅಂಗಡಿ ಇವೆಲ್ಲ ತಿಂಗಳಿಗೆ 25 ಗಂಟೆಯಾದರೂ ತಿನ್ನುತ್ತವೆ. ಅದಕ್ಕೂ 80ರಂತೆ 2,000. ಕರೆಂಟು, ಡೇಟಾ, ಬಸ್ಸು, ಉಪಕರಣದ ಸವೆತಕ್ಕೆ 1,500. ತಿಂಗಳಿಗೆ ನಾಲ್ಕು ಆವಿಗೆಯಂತೆ 68 ಸೆಟ್ ಬಂದರೆ ತಲಾ 51. ಈಗ ಅಸಲು 286.

ನೀವು 250ಕ್ಕೆ ಕೊಡುತ್ತಿದ್ದೀರಿ. ಸೆಟ್ಟಿನ ನಗದು ಖರ್ಚು 126 ಕಳೆದರೆ ಉಳಿಯುವುದು 124. ಒಂದು ಸೆಟ್ಟಿಗೆ ಬೀಳುವ ಸಮಯ ಎಲ್ಲ ಕೂಡಿ ಎರಡು ಗಂಟೆ. ಅಂದರೆ 80ರ ಕೂಲಿ 62ಕ್ಕೆ ಇಳಿದಿದೆ. ಆ 124 ರೂಪಾಯಿಯಲ್ಲೇ ಮುಂದಿನ ಸಲದ ಸಾಮಾನನ್ನೂ ತರುತ್ತಿದ್ದರೆ ಕೈ ಖಾಲಿಯಾಗುವುದು ಸಹಜ.

ಅಸಲಿನ ಮೇಲೆ ಶೇ. 15 ಲಾಭ ಇಡಿ, 330 ಆಗುತ್ತದೆ. ಲಾಭವೆಂದರೆ ಕೂಲಿಯಲ್ಲ. ಮಳೆಗಾಲದಲ್ಲಿ ಮಣ್ಣು ಒಣಗದೆ ಕೆಲಸ ನಿಂತಾಗ, ಹೊಸ ಅಚ್ಚು ಕೊಳ್ಳುವಾಗ ಕೈಗೆ ಬರುವ ಹಣ ಅದು. ಗಂಟೆಗೆ 80 ಎಂದದ್ದು ಎಂಟು ಗಂಟೆಗೆ 640 ಬರುವ ಲೆಕ್ಕ. ನಿಮ್ಮೂರಲ್ಲಿ ನುರಿತ ಟೈಲರ್ ದಿನಕ್ಕೆ ಎಷ್ಟು ದುಡಿಯುತ್ತಾರೆ ಎಂದು ವಿಚಾರಿಸಿ, ಅದಕ್ಕಿಂತ ಕಡಿಮೆ ಹಾಕಿಕೊಳ್ಳಬೇಡಿ.

ಬೆಲೆ ಏರಿಸಲು ಹೆದರಿಕೆಯಿದ್ದರೆ ಮೊದಲು ಸೀಳುವುದನ್ನು ತಗ್ಗಿಸಿ. ಮೇಲೆ ಒಣಗಿ ಒಳಗೆ ಹಸಿಯಿರುವ ದಪ್ಪ ಪದಕ ಆವಿಗೆಯಲ್ಲಿ 100 ಡಿಗ್ರಿ ದಾಟಿದಾಗ ಒಳಗಿನ ನೀರು ಆವಿಯಾಗಿ ಸಿಡಿಯುತ್ತದೆ. ಪದಕವನ್ನು 6 ಮಿಲಿಮೀಟರ್ ದಪ್ಪದೊಳಗೆ ಇಡಿ, ಬಿಸಿಲಿಗಿಡದೆ ನೆರಳಲ್ಲಿ ನಾಲ್ಕೈದು ದಿನ ಒಣಗಿಸಿ, ಮೊದಲ ಒಂದು ಗಂಟೆ ಶಾಖ ನಿಧಾನವಾಗಿ ಏರಲಿ. ಮೂರರ ಬದಲು ಒಂದೇ ಒಡೆದರೆ ಮೊದಲ ಭಾಗದ 102 ರೂಪಾಯಿ 92ಕ್ಕೆ ಇಳಿಯುತ್ತದೆ. ಗಿರಾಕಿಯನ್ನು ಕೇಳದೆಯೇ ಹತ್ತು ರೂಪಾಯಿ ಸಿಕ್ಕಿತು.

ಪ್ರಶ್ನೆ: ಮೈಸೂರಿನ ಒಂದು ಬುಟಿಕ್‌ನವರು ಶೇ. 30 ಕಮಿಷನ್ ಕೇಳುತ್ತಾರೆ. ನನ್ನ ಬೆಲೆಗೆ ಮೂವತ್ತು ಸೇರಿಸಿ ಕೊಟ್ಟರೆ ಸಾಕಲ್ಲವೇ? (ಮಂಡ್ಯ)

ಅಲ್ಲಿಯೇ ಪೆಟ್ಟು ಬೀಳುವುದು. ಅವರ ಶೇ. 30 ನಿಮ್ಮ ಬೆಲೆಯ ಮೇಲಲ್ಲ, ಅಂಗಡಿಯಲ್ಲಿ ಮಾರಿದ ಬೆಲೆಯ ಮೇಲೆ. ಮೇಲಿನ ಲೆಕ್ಕದ 330ಕ್ಕೆ ಶೇ. 30 ಸೇರಿಸಿದರೆ 429. ಅದರಲ್ಲಿ ಅವರು 129 ಹಿಡಿದರೆ ನಿಮಗೆ 300. ಲಾಭ ಬಹುತೇಕ ಹೋಯಿತು. ಸೇರಿಸುವ ಬದಲು ಭಾಗಿಸಬೇಕು: 330ನ್ನು 0.70ರಿಂದ ಭಾಗಿಸಿದರೆ 471. ಚೀಟಿಯಲ್ಲಿ 475 ಬರೆಯಿರಿ. ಕಮಿಷನ್ ಶೇ. 40 ಆದರೆ 0.60ರಿಂದ ಭಾಗಿಸಿ, 550 ಬರುತ್ತದೆ.

ಅಂಗಡಿಯಲ್ಲಿ 475 ಇಟ್ಟು, ಮನೆಯಿಂದ 330ಕ್ಕೆ ಮಾರುವುದು ಬೇಡ. ಗಿರಾಕಿಗೆ ಗೊತ್ತಾದ ದಿನವೇ ಅಂಗಡಿಯವರು ನಿಮ್ಮ ಮಾಲನ್ನು ವಾಪಸ್ ಕಳಿಸುತ್ತಾರೆ. ಸಂತೆ, ಮೇಳದಲ್ಲಿ ನೀವೇ ಮಾರಿದರೂ ಮಳಿಗೆ ಬಾಡಿಗೆ, ಊಟ, ಇಡೀ ದಿನದ ನಿಲ್ಲುವಿಕೆ ಇರುತ್ತದೆ. 475 ಮತ್ತು 330ರ ನಡುವಿನ ಹಣ ಅದಕ್ಕೇ.

ಮಾಲು ಇಟ್ಟು, ಮಾರಿದ ಮೇಲೆ ದುಡ್ಡು ಎನ್ನುವ ಪದ್ಧತಿಯಾದರೆ ನಾಲ್ಕು ಸಂಗತಿ ಚಲನ್‌ನಲ್ಲಿ ಬರೆಸಿಕೊಳ್ಳಿ: ಎಷ್ಟು ಒಡವೆ, ಯಾವ ಬೆಲೆ, ಒಡೆದರೆ ಅಥವಾ ಕಳೆದರೆ ಯಾರ ಜವಾಬ್ದಾರಿ, ಹಣ ಕೈಗೆ ಬರುವ ತಾರೀಖು. ಡಿಸ್ಕೌಂಟ್ ಕೊಟ್ಟರೆ ಅದು ಯಾರ ಪಾಲಿನಿಂದ ಎಂಬುದೂ ಇರಲಿ. ದಸರಾ ಸೇಲ್ ಎಂದು ಶೇ. 20 ಕಡಿಮೆ ಮಾಡಿ ಅಷ್ಟನ್ನೂ ತಯಾರಕರ ಲೆಕ್ಕಕ್ಕೆ ಹಾಕುವುದು ಸಾಮಾನ್ಯ.

ಪ್ರಶ್ನೆ: ಬೆಳ್ಳಿ ತಂತಿಯ ಓಲೆ ಮಾಡುತ್ತೇನೆ. ದರ ದಿನಕ್ಕೊಂದು. ಹಳೆಯ ದರಕ್ಕೆ ಕೊಂಡ ತಂತಿಯಿದೆ, ಯಾವ ದರ ಹಿಡಿಯಬೇಕು? (ಉಡುಪಿ)

ಇವತ್ತಿನ ದರ. ಮಾರಿದ ಓಲೆಯ ಜಾಗಕ್ಕೆ ಇನ್ನೊಂದು ಮಾಡಲು ತಂತಿಯನ್ನು ಇವತ್ತಿನ ದರಕ್ಕೇ ತರಬೇಕಲ್ಲ. ದರ ಇಳಿದಾಗಲೂ ಇದೇ ನಿಯಮ, ಏರಿದಾಗ ಮಾತ್ರ ಎಂದರೆ ಗಿರಾಕಿ ನಂಬುವುದಿಲ್ಲ.

ಬೆಳ್ಳಿ ಮತ್ತು ಮಜೂರಿಯನ್ನು ಬೇರೆಬೇರೆ ಸಾಲಿನಲ್ಲಿ ಬರೆಯಿರಿ. 8 ಗ್ರಾಂ ತೂಗುವ 925ರ (ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿಯಿರುವ) ಓಲೆಗೆ 9.1 ಗ್ರಾಂ ತಂತಿ ಹೋಯಿತು, 0.9 ಗ್ರಾಂ ತುಂಡು ಸಿಕ್ಕಿತು, 0.2 ಗ್ರಾಂ ಅರದ ಪುಡಿ ಮತ್ತು ಪಾಲಿಶ್‌ನಲ್ಲಿ ಕಳೆಯಿತು ಎನ್ನಿ. ತುಂಡನ್ನು ಮಾರುವಾಗ ಹತ್ತರಲ್ಲಿ ಒಂದು ಪಾಲು ಕಡಿಮೆ ಸಿಗುತ್ತದೆ ಎಂದು ಹಿಡಿದರೆ ಅಲ್ಲೊಂದು 0.09. ಬೆಲೆ ಹಾಕಬೇಕಾದದ್ದು 8.29 ಗ್ರಾಂಗೆ. ತಂತಿ ಗ್ರಾಂಗೆ 200 ಆದರೆ 1,658. ಮಾತು ಕೊಟ್ಟ ದಿನಕ್ಕೂ ತಂತಿ ಕೊಳ್ಳುವ ದಿನಕ್ಕೂ ನಡುವೆ ದರ ಜಿಗಿಯುವ ಭಯಕ್ಕೆ ಶೇ. 5 ಸೇರಿಸಿ, 1,741. ಮೂರು ಗಂಟೆ ಕೆಲಸ, ಗಂಟೆಗೆ 120ರಂತೆ 360. ಬೆಸುಗೆ, ಬಿಳಿಗಾರ, ಗ್ಯಾಸು 40, ಇತರೆ ಖರ್ಚು 60. ಈ 460ರ ಮೇಲೆ ಶೇ. 20 ಲಾಭ, 552. ಒಟ್ಟು 2,293.

ಲೋಹದ ಮೇಲೆ ಕಡಿಮೆ, ಕೆಲಸದ ಮೇಲೆ ಹೆಚ್ಚು ಲಾಭ ಇಡುವುದೇ ಸರಿ. ಒಟ್ಟು ಬೆಲೆಗೆ ಒಂದೇ ಶೇಕಡಾ ಹಾಕಿದರೆ ಭಾರದ ಸಾದಾ ಕಡಗಕ್ಕೆ ಅನ್ಯಾಯದ ಬೆಲೆ, ಹಗುರವಾದ ನಾಜೂಕು ಓಲೆಗೆ ನಷ್ಟ.

ಹೇಳಿದ ಬೆಲೆ ಮೂರು ದಿನ ಮಾತ್ರ ಎಂದು ಬರೆಯಿರಿ, ಮುಂಗಡವಾಗಿ ಬೆಳ್ಳಿಯ ಪೂರ್ತಿ ಹಣ ತೆಗೆದುಕೊಳ್ಳಿ. ಹಳೆಯ ಕಾಲ್ಗೆಜ್ಜೆ ಕೊಟ್ಟು ‘ಇದನ್ನೇ ಕರಗಿಸಿ’ ಎನ್ನುವವರಿದ್ದಾರೆ. ಹಳೆಯ ಗೆಜ್ಜೆಯಲ್ಲಿ ಶುದ್ಧ ಬೆಳ್ಳಿ ಎಷ್ಟಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಪರೀಕ್ಷೆ ಮಾಡಿಸಿ, ಬೆಸುಗೆಯನ್ನೂ ಗಮನಿಸಿ, ಬಂದ ಶುದ್ಧತೆಗೆ ಮಾತ್ರ ಹಣ ವಜಾ ಮಾಡಿ. ಕಲ್ಲು ಕೂರಿಸಿದ ಒಡವೆಯಾದರೆ ಕಲ್ಲು ಹಾಕುವ ಮೊದಲೇ ತೂಕ ಬರೆದಿಡಿ, ಕಲ್ಲಿನ ತೂಕಕ್ಕೆ ಬೆಳ್ಳಿ ದರ ಹಾಕಿದರೆ ಅದು ಮೋಸವಾಗುತ್ತದೆ.

ಪ್ರಶ್ನೆ: ರೇಷ್ಮೆ ದಾರದ ಬಳೆ ಮಾಡುತ್ತೇನೆ. ನಮ್ಮ ಬೀದಿಯಲ್ಲೇ ಇನ್ನಿಬ್ಬರು ನನಗಿಂತ 100 ರೂಪಾಯಿ ಕಡಿಮೆಗೆ ಕೊಡುತ್ತಾರೆ. ನಾನೂ ಇಳಿಸಲೇ? (ದಾವಣಗೆರೆ)

ಕೂಲಿ ಇಳಿಸಬೇಡಿ, ಕೆಲಸ ಇಳಿಸಿ. ಅಗಲದ ಕಡಗಕ್ಕೆ 40 ಕುಂದನ್ ಕಲ್ಲು ಅಂಟಿಸಲು 20 ನಿಮಿಷ ಹಿಡಿಯುವುದಾದರೆ 20 ಕಲ್ಲಿನ ವಿನ್ಯಾಸಕ್ಕೆ ಹತ್ತೇ ನಿಮಿಷ ಸಾಕು. ಕಲ್ಲಿನ ಖರ್ಚೂ ಅರ್ಧ. ಹೀಗೆ ಸಾದಾ, ನಡುಮಟ್ಟ, ಮದುವೆಯ ಸೆಟ್ ಎಂದು ಮೂರು ದರ ಇಟ್ಟರೆ ಚೌಕಾಸಿ ಮಾಡುವವರಿಗೆ ಮೊದಲನೆಯದನ್ನು ತೋರಿಸಬಹುದು.

ಅವರ ಬಳೆಯೊಂದನ್ನು ಕೊಂಡು ನೋಡಿ. ಅಂಟು ಉಳಿಸಲು ಶುರುವಿನಲ್ಲಿ, ಕೊನೆಯಲ್ಲಿ ಮಾತ್ರ ಹಚ್ಚಿದ್ದರೆ ಎರಡು ಸಲ ತೊಟ್ಟ ಮೇಲೆ ದಾರ ಜರುಗಿ ಒಳಗಿನ ಪ್ಲಾಸ್ಟಿಕ್ ಕಾಣುತ್ತದೆ. ಹೆಚ್ಚು ಹಚ್ಚಿದರೆ ಕಲೆ ಬಿದ್ದು ದಾರದ ಹೊಳಪು ಹೋಗುತ್ತದೆ. ನಿಮ್ಮದರಲ್ಲಿ ಈ ದೋಷವಿಲ್ಲದಿದ್ದರೆ ‘ಆರು ತಿಂಗಳೊಳಗೆ ಕಲ್ಲು ಬಿದ್ದರೆ ಉಚಿತವಾಗಿ ಹಾಕಿಕೊಡುತ್ತೇವೆ’ ಎಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿ. ನೂರು ರೂಪಾಯಿಯ ಅಂತರಕ್ಕೆ ಅದೇ ಉತ್ತರ.

ಸೈಜಿಗೊಂದು ಬೆಲೆ ಬೇಡ. ಬಳೆಯ 2.4 ಎಂದರೆ ಎರಡು ಇಂಚು ಮತ್ತು ಇಂಚಿನ ಹದಿನಾರರಲ್ಲಿ ನಾಲ್ಕು ಭಾಗ, ಅಂದರೆ 2.25 ಇಂಚು. 2.8 ಎಂದರೆ ಎರಡೂವರೆ ಇಂಚು. ಸುತ್ತಳತೆಯ ವ್ಯತ್ಯಾಸ ಶೇ. 11ರಷ್ಟೇ, ದಾರಕ್ಕೆ ಬೀಳುವುದು ಕೆಲವು ರೂಪಾಯಿ. ಆದರೆ ರವಿಕೆಯ ಬಣ್ಣಕ್ಕೆ ಹೊಂದಿಸಲು ಒಂದೇ ಆರ್ಡರ್‌ಗೆಂದು ಹೊಸ ಬಣ್ಣದ ದಾರದ ಉಂಡೆ ತರಬೇಕಾದರೆ ಪೂರ್ತಿ ಉಂಡೆಯ ಹಣ ಆ ಆರ್ಡರ್‌ಗೇ ಸೇರಲಿ. ಉಳಿದ ದಾರ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ.

ಪ್ರಶ್ನೆ: ಪೋಣಿಸುವ ಕೆಲಸವನ್ನು ಪಕ್ಕದ ಮನೆಯ ಇಬ್ಬರಿಗೆ ಸರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಕೊಡಬೇಕೆಂದಿದ್ದೇನೆ. ಎಷ್ಟು ಕೊಡುವುದು ನ್ಯಾಯ? (ಹಾವೇರಿ)

ನೀವು ಎಷ್ಟು ಬೇಗ ಮಾಡುತ್ತೀರಿ ಎಂಬುದನ್ನು ಅಳತೆಗೋಲು ಮಾಡಬೇಡಿ. ಅವರು ಒಂದು ವಾರ ಅಭ್ಯಾಸ ಮಾಡಿದ ಮೇಲೆ ಸಾಧಾರಣ ವೇಗದಲ್ಲಿ ಗಂಟೆಗೆ ಎಷ್ಟಾಗುತ್ತದೆ ನೋಡಿ. ಆರು ಸರವಾದರೆ 80ನ್ನು 6ರಿಂದ ಭಾಗಿಸಿ, 13.30. ನಡುವೆ ಬೆನ್ನು ನೆಟ್ಟಗೆ ಮಾಡಿ, ನೀರು ಕುಡಿಯುವ ಹೊತ್ತಿಗೆ ಶೇ. 15 ಸೇರಿಸಿದರೆ ಸರಕ್ಕೆ 15 ರೂ. ಇದು ಸರ್ಕಾರ ಪ್ರಕಟಿಸುವ ಕನಿಷ್ಠ ವೇತನಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಮಣಿ ತೂಕ ಮಾಡಿ ಕೊಟ್ಟು, ತೂಕ ಮಾಡಿ ವಾಪಸ್ ಪಡೆಯಿರಿ. ನಿಮ್ಮ ಮಣಿಯ ತೂತು ಸಣ್ಣದಾಗಿ ದಾರ ಕಡಿದರೆ ಬಿಚ್ಚಿ ಮತ್ತೆ ಪೋಣಿಸಿದ ಕೂಲಿಯೂ ನಿಮ್ಮದೇ.

ಪ್ರಶ್ನೆ: ನೆಂಟರು ‘ನಮಗೂ ಅದೇ ರೇಟಾ?’ ಎನ್ನುತ್ತಾರೆ. (ತುಮಕೂರು)

ಕೊಡಬೇಕೆನಿಸಿದರೆ ಉಡುಗೊರೆಯಾಗಿಯೇ ಕೊಡಿ, ಇಲ್ಲವೇ ಪೂರ್ತಿ ಬೆಲೆ ಹೇಳಿ. ಅರ್ಧ ಬೆಲೆಗೆ ಕೊಟ್ಟರೆ ಊರೆಲ್ಲ ಅದನ್ನೇ ನಿಮ್ಮ ದರ ಅಂದುಕೊಳ್ಳುತ್ತದೆ.

ಪ್ರಶ್ನೆ: ಹಣವೆಲ್ಲ ಯುಪಿಐನಲ್ಲಿ ಬರುತ್ತದೆ. ಜಿಎಸ್‌ಟಿ ಕಟ್ಟಬೇಕೇ, ಬೆಲೆಗೆ ಸೇರಿಸಬೇಕೇ? (ಬೆಂಗಳೂರು)

ಕರ್ನಾಟಕದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಈ ಮಿತಿ ಲಾಭಕ್ಕಲ್ಲ, ಒಟ್ಟು ಮಾರಾಟಕ್ಕೆ. ನಗದು, ಯುಪಿಐ ಎರಡೂ ಸೇರುತ್ತವೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಮನೆಯವರು, ಗೆಳೆಯರು ಹಾಕಿದ ಹಣವೂ ವ್ಯಾಪಾರದ ಹಣವೂ ಒಂದೇ ಖಾತೆಯಲ್ಲಿದ್ದವರು ಲೆಕ್ಕ ಒಪ್ಪಿಸಲು ಪಾಡುಪಟ್ಟರು. ವ್ಯಾಪಾರಕ್ಕೆ ಬೇರೆ ಖಾತೆ, ಬೇರೆ ಕ್ಯುಆರ್ ಇರಲಿ.

ನೋಂದಣಿಯಿಲ್ಲದೆ ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಸಾಮಾನು ಕೊಳ್ಳುವಾಗ ನೀವು ಕೊಟ್ಟ ಜಿಎಸ್‌ಟಿ ನಿಮಗೆ ಹಿಂದಿರುಗುವುದೂ ಇಲ್ಲ. ಆದ್ದರಿಂದ ಕೊಕ್ಕೆ, ಮಣಿಯ ದರವನ್ನು ತೆರಿಗೆ ಸೇರಿಸಿದ ಮೊತ್ತದಲ್ಲೇ ಅಸಲಿಗೆ ಬರೆಯಿರಿ. ನೋಂದಾಯಿಸಿದವರು ಬೆಳ್ಳಿ ಒಡವೆಗೂ ಇಮಿಟೇಶನ್ ಒಡವೆಗೂ ಶೇ. 3 ಹಾಕುತ್ತಾರೆ. ಆನ್‌ಲೈನ್ ಮಾರುಕಟ್ಟೆಯ ಮೂಲಕ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್ 1ರಿಂದ ಪೂರ್ಣ ನೋಂದಣಿಯ ಬದಲು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆಯುವ ಅವಕಾಶವಿದೆ. ಚೆನ್ನೈಗೋ ಪುಣೆಗೋ ಪಾರ್ಸೆಲ್ ಕಳಿಸುವುದಾದರೆ ನಿಯಮ ಬೇರೆ. ಕರಕುಶಲ ವಸ್ತುಗಳಿಗೆ ಷರತ್ತಿನ ವಿನಾಯಿತಿ ಇದೆ, ನಿಮ್ಮ ಒಡವೆ ಅದರಡಿ ಬರುತ್ತದೆಯೇ ಎಂದು ಮೊದಲ ಪಾರ್ಸೆಲ್‌ಗೆ ಮುಂಚೆ ತೆರಿಗೆ ಸಲಹೆಗಾರರನ್ನು ಕೇಳಿ. ಅವರ ಶುಲ್ಕವನ್ನೂ ತಿಂಗಳ ಖರ್ಚಿನ ಪಟ್ಟಿಗೆ ಸೇರಿಸಿಕೊಳ್ಳಿ.