ಚೀನಾದಲ್ಲಿ ದತ್ತು ಪಡೆದ ಅಮೆರಿಕದ ದಂಪತಿಗಳು ಮಗು ಕೈಸೇರಿದ ಮೇಲೂ ಎರಡು ವಾರ ಅಲ್ಲೇ ಉಳಿಯುತ್ತಿದ್ದುದು ಏಕೆ?

ಮುಖ್ಯವಾಗಿ ಕಾಗದಪತ್ರಗಳಿಗಾಗಿ. ಮಗುವನ್ನು ಒಪ್ಪಿಸುತ್ತಿದ್ದುದು ಸಾಮಾನ್ಯವಾಗಿ ಅದು ಬೆಳೆದ ಪ್ರಾಂತ್ಯದ ರಾಜಧಾನಿಯಲ್ಲಿ. ದತ್ತು ನೋಂದಣಿ, ಚೀನಾದ ಪಾಸ್‌ಪೋರ್ಟ್ ಅಲ್ಲಿ ಆಗಬೇಕಿತ್ತು. ಆಮೇಲೆ ವೈದ್ಯಕೀಯ ತಪಾಸಣೆಗೂ ವೀಸಾಕ್ಕೂ ದಕ್ಷಿಣ ಚೀನಾದ ಗುವಾಂಗ್‌ಝೌ ನಗರಕ್ಕೆ ಹೋಗಬೇಕಿತ್ತು. ದತ್ತು ಮಕ್ಕಳ ವೀಸಾ ಕೊಡುತ್ತಿದ್ದುದು ಅಲ್ಲಿನ ಅಮೆರಿಕದ ಕಾನ್ಸುಲೇಟ್. ಹಾಗಾಗಿಯೇ ಆ ನಗರದ ಶಾಮಿಯಾನ್ ದ್ವೀಪದ ವೈಟ್ ಸ್ವಾನ್ ಹೋಟೆಲಿನಲ್ಲಿ ಬಹುಕಾಲ ಎಲ್ಲಿ ನೋಡಿದರೂ ಮಕ್ಕಳ ತಳ್ಳುಗಾಡಿಗಳು. (2024ರಲ್ಲಿ ಚೀನಾ, ಹತ್ತಿರದ ಬಂಧುಗಳನ್ನು ಬಿಟ್ಟು ಉಳಿದ ವಿದೇಶಿಯರಿಗೆ ದತ್ತಿನ ಬಾಗಿಲನ್ನೇ ಮುಚ್ಚಿತು.)

ಕಚೇರಿ ಕೆಲಸ ಹೇಗೋ ಸಾಗುತ್ತಿತ್ತು. ಕಷ್ಟವಿದ್ದುದು ಹೋಟೆಲ್ ಕೋಣೆಯೊಳಗೆ. ಮಗುವಿಗೆ ಒಂದೇ ದಿನದಲ್ಲಿ ಮುಖ, ಮಾತು, ಮೈವಾಸನೆ ಎಲ್ಲವೂ ಹೊಸದು. ಕೆಲವು ಮಕ್ಕಳು ರಾತ್ರಿಯಿಡೀ ಅಳುತ್ತವೆ. ಸದ್ದೇ ಮಾಡದೆ ಕೂತ ಮಗುವನ್ನು ನೋಡಿ 'ಎಷ್ಟು ಜಾಣೆ' ಎಂದು ಹಿಗ್ಗುವವರಿದ್ದಾರೆ; ಅದು ಜಾಣತನವಲ್ಲದೆ ಬೆದರಿ ಮರಗಟ್ಟಿದ್ದೂ ಇರಬಹುದು. ಉಟ್ಟು ಬಂದ ಬಟ್ಟೆಯನ್ನು ಕೂಡಲೇ ಒಗೆಯಬಾರದು: ಅದರ ವಾಸನೆಯೊಂದೇ ಹಳೆಯ ಪರಿಚಯ. ತಿನ್ನಲು ಅಭ್ಯಾಸವಿದ್ದ ಅನ್ನದ ಗಂಜಿಯನ್ನೇ ಕೊಡುವುದು ಲೇಸು. ಹೊಟ್ಟೆ ತುಂಬಿದ ಮೇಲೂ ಬನ್ನಿನ ಚೂರನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮಲಗಿದರೆ, ಹಾಸಿಗೆ ಗಲೀಜಾದರೂ ಸರಿ, ಕಿತ್ತುಕೊಳ್ಳಬೇಡಿ.