ಹನ್ನೊಂದು ಬೇಟೆಯ ಕಾದಂಬರಿ: ಸಂಪಾದಕರ ಉತ್ತರ

ಗಂಗಾವತಿಯ ಓದುಗರೊಬ್ಬರು ಬರೆದಿದ್ದಾರೆ: ‘ಇನಾಮು ಕಟ್ಟಿದ ತಲೆಗಳನ್ನು ಬೇಟೆಯಾಡುವವನೊಬ್ಬ ಅಣ್ಣನ ಸಾವಿಗೆ ಕಾರಣರಾದ ಹನ್ನೊಂದು ಜನರ ಮೇಲೆ ಸೇಡು ತೀರಿಸಿಕೊಳ್ಳುವ ಫ್ಯಾಂಟಸಿ ಕಾದಂಬರಿ ಬರೆದಿದ್ದೇನೆ. 1,60,000 ಪದಗಳಿವೆ. ಉದ್ದವಾಯಿತೆಂದು ಪ್ರಕಾಶಕರು ಹಿಂದಿರುಗಿಸಿದರು. ಮೂರು ಸಂಪುಟ ಮಾಡಲೇ?’

ದಯವಿಟ್ಟು ಬೇಡ. ಹಾಗೆಂದು ಒಂದೇ ಪುಸ್ತಕವಾಗಿ ತರುವುದೂ ಕಷ್ಟ. ಕಾದಂಬರಿಗಳ ಸಾಮಾನ್ಯ ಅಳತೆಯಾದ ಡೆಮಿ 1/8ರಲ್ಲಿ ಪುಟಕ್ಕೆ 250 ಪದ ಹಿಡಿದರೂ 640 ಪುಟ, ಅಂದರೆ 16 ಪುಟದ 40 ಫಾರಂ (ಮಡಿಚಿ ಜೋಡಿಸುವ ಅಚ್ಚಿನ ಹಾಳೆ). ಬರೀ ಅಂಟು ಹಾಕಿದರೆ ಅಷ್ಟು ದಪ್ಪದ ಪುಸ್ತಕದ ಬೆನ್ನು ಬೇಗ ಬಿಟ್ಟುಹೋಗಬಹುದು; ಹೊಲಿಸಿದರೆ ಬೆಲೆ ಏರುತ್ತದೆ. ವಾರಕ್ಕೆ 2,000 ಪದದಂತೆ ಧಾರಾವಾಹಿ ಮಾಡಿದರೂ 80 ವಾರ.

ಇದಕ್ಕಿಂತ ದೊಡ್ಡ ತೊಡಕು ಕಥೆಯಲ್ಲೇ ಇದೆ. ನೀವು ಕಳಿಸಿದ ಸಾರಾಂಶದಲ್ಲಿ ಹನ್ನೊಂದೂ ಬೇಟೆ ಒಂದೇ ಅಚ್ಚಿನವು: ಸುಳಿವು, ಬೆನ್ನಟ್ಟು, ಕಾಳಗ, ತಲೆ. ಬೇಟೆಗೊಂದು ಕಾರ್ಡು ಮಾಡಿ ಮೂರು ಸಾಲು ಬರೆಯಿರಿ: ಸತ್ತವನು ಯಾರು, ನಾಯಕನಿಗೆ ಹೊಸದಾಗಿ ತಿಳಿದದ್ದೇನು, ಅವನು ಕಳೆದುಕೊಂಡದ್ದೇನು. ಕೊನೆಯ ಎರಡು ಸಾಲು ಖಾಲಿ ಉಳಿದರೆ ಆ ಬೇಟೆಯನ್ನು ಪೂರ್ತಿ ತೆಗೆಯಿರಿ. ಐದು ಉಳಿದರೆ ಸಾಕು. ಅಲ್ಲಿಗೆ ಬರುವ ಮುನ್ನ ವಾಕ್ಯ ತಿದ್ದಲು ಕೂರಬೇಡಿ, ಬಿಟ್ಟುಹೋಗುವ ಅಧ್ಯಾಯಕ್ಕೆ ಮಾಡಿದ ದುಡಿಮೆ ದಂಡ.

‘ಜೀವಂತ ತಂದರಷ್ಟೇ ಇನಾಮು’ ಎಂಬ ಷರತ್ತನ್ನು ಆರನೆಯ ಬೇಟೆಯಲ್ಲಿ ಅರ್ಧ ಪುಟದಲ್ಲಿ ಮುಗಿಸಿದ್ದೀರಿ. ನಮಗೆ ಇಡೀ ಕಾದಂಬರಿಯ ಜೀವ ಅಲ್ಲೇ ಕಂಡಿತು. ಸೇಡು ಕೊಲ್ಲು ಅನ್ನುತ್ತದೆ, ಕಸುಬು ಕಾಪಾಡು ಅನ್ನುತ್ತದೆ. ಅದನ್ನು ಮೊದಲ ಬೇಟೆಗೇ ತನ್ನಿ.

ಹೊಳೆ ದಾಟುವ ಅಧ್ಯಾಯದಲ್ಲಿ ನದಿದೇವತೆಯ ವಂಶಾವಳಿಗೇ ಒಂಬತ್ತು ಪುಟ ಹೋಗಿದೆ, ಅದನ್ನು ಬಿಡಿ. ದಾಟಲು ಬಳಸುವ ಹರಿಗೋಲು ನಿಮ್ಮ ಊರ ಹತ್ತಿರದ ಆನೆಗೊಂದಿಯದೇ ಅಲ್ಲವೇ? 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಅದನ್ನು ಕಂಡಿದ್ದ: ಬುಟ್ಟಿಯಂತೆ ದುಂಡಗೆ, ಹೊರಗೆ ತೊಗಲು, 15–20 ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ, ಕುದುರೆಗಳು ಹೆಚ್ಚಾಗಿ ಈಜಿಯೇ ದಾಟುತ್ತವೆ. ಹಾಗೆ ಸುತ್ತುವಾಗ ನಾಯಕನ ಬಿಲ್ಲಿಗೆ ಗುರಿ ನಿಲ್ಲುವುದಿಲ್ಲ. ಕುದುರೆಯ ಲಗಾಮು ಒಂದು ಕೈಯಲ್ಲಿ. ಜೀವಂತ ಹಿಡಿದು ತರುತ್ತಿರುವ ಕೈದಿಯ ಕೈ ಕಟ್ಟಿದ್ದರೆ, ಹರಿಗೋಲು ಮಗುಚಿದಾಗ ಅವನು ಮುಳುಗುತ್ತಾನೆ, ಇನಾಮೂ ಹೋಯಿತು. ಬಿಚ್ಚಿದರೆ ಆಚೆ ದಡದಲ್ಲಿ ಓಡುತ್ತಾನೆ. ಅಣ್ಣನನ್ನು ಕೊಂದವನ ಕಟ್ಟನ್ನು ತಮ್ಮ ತನ್ನ ಕೈಯಾರೆ ಬಿಚ್ಚುತ್ತಾನೋ ಇಲ್ಲವೋ? ನಾಲ್ಕೇ ಪುಟದಲ್ಲಿ ಬರೆಯಿರಿ, ಓದುಗರು ಉಸಿರು ಬಿಗಿಹಿಡಿದು ಓದುತ್ತಾರೆ.

ಒಟ್ಟು 90,000 ಪದಕ್ಕೆ, ಅಂದರೆ 360 ಪುಟಕ್ಕೆ ಇಳಿಸಿ. ತಿದ್ದಿದ ಮೊದಲ ಮೂರು ಅಧ್ಯಾಯಗಳನ್ನು ಐದು ಕಾರ್ಡುಗಳ ಜೊತೆ ಕಳಿಸಿಕೊಡಿ, ಓದಿ ಬರೆಯುತ್ತೇವೆ.